ಲಾಕ್ ಇರುವ ಹಳೇ ಡಾಸ್ ಲೆಕ್ಕದ ಕಂಪ್ಯೂಟರ್: ಬ್ಯಾಕಪ್ ತೆಗೆದು ರಿಸ್ಟೋರ್ ಮಾಡಿದ ಬಗೆ

ಅಕ್ಕಿ ಗಿರಣಿಯೊಂದರ ಲೆಕ್ಕ ವಿಂಡೋಸ್‌ಗೂ ಹಿಂದಿನ ಕಾಲದ ಆಪರೇಟಿಂಗ್ ಸಿಸ್ಟಮ್ ಎಂಎಸ್-ಡಾಸ್ 6.22ರಲ್ಲೇ ನಡೆಯುತ್ತಿತ್ತು. ಲೆಕ್ಕದ ಸಾಫ್ಟ್‌ವೇರಿಗೆ ನಕಲು ತಡೆಯುವ ಲಾಕ್ ಇತ್ತು. 1.2 ಜಿಬಿ ಐಡಿಇ ಹಾರ್ಡ್ ಡಿಸ್ಕ್, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಡಾಂಗಲ್ (ಇದಿದ್ದರಷ್ಟೇ ಸಾಫ್ಟ್‌ವೇರ್ ಓಡುವ, ಬೀಗದ ಕೈಯಂಥ ಸಾಧನ). ಸಾಫ್ಟ್‌ವೇರ್ ಬರೆದುಕೊಟ್ಟವರು ಈಗಿಲ್ಲ. ಮತ್ತೆ ಇನ್‌ಸ್ಟಾಲ್ ಮಾಡುವ ದಾರಿಯೂ ಇಲ್ಲ.

ಇಲ್ಲಿ ಫೈಲ್ ಕಾಪಿ ನಡೆಯುವುದಿಲ್ಲ. ಡಾಸ್ 6ರ ಫೈಲ್ ಕಾಪಿ ಆಜ್ಞೆಯಾದ ಎಕ್ಸ್‌ಕಾಪಿ ಹಿಡನ್ ಫೈಲುಗಳನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೂ ಕೆಲವು ಲಾಕ್‌ಗಳು ತಮ್ಮ ಹಿಡನ್ ಫೈಲ್ ಡಿಸ್ಕಿನ ಯಾವ ಕ್ಲಸ್ಟರಿನಲ್ಲಿ, ಅಂದರೆ ಯಾವ ಜಾಗದಲ್ಲಿ, ಇದೆ ಎಂದು ನೋಡುತ್ತವೆ. ಫೈಲುಗಳ ಜಾಗ ಬದಲಿಸಿ ಜೋಡಿಸುವ ಡಿಫ್ರಾಗ್ ಮಾಡಿದ ಮೇಲೆ ಲೈಸೆನ್ಸ್ ಹೋಗುತ್ತಿದ್ದದ್ದು ಇದಕ್ಕೇ. ಇನ್ನು ಕೆಲವಕ್ಕೆ ಫಾರ್ಮ್ಯಾಟ್ ಮಾಡುವಾಗ ಡಾಸ್ ಕೊಡುವ ವಾಲ್ಯೂಮ್ ಸೀರಿಯಲ್ ಸಂಖ್ಯೆ ಬೇಕು. ಫಾರ್ಮ್ಯಾಟ್ ಮಾಡಿದೊಡನೆ ಅದು ಬದಲಾಗುತ್ತದೆ. ಹಾಗಾಗಿ ಇಡೀ ಡಿಸ್ಕಿನ ಸೆಕ್ಟರ್ ಇಮೇಜನ್ನೇ, ಅಂದರೆ ಡಿಸ್ಕಿನಲ್ಲಿ ಇದ್ದದ್ದು ಇದ್ದ ಜಾಗದಲ್ಲೇ ಬರುವ ಪೂರ್ತಿ ಪ್ರತಿಯನ್ನೇ, ತೆಗೆದೆ.

ಡಿಸ್ಕ್ ಬಿಚ್ಚುವ ಮೊದಲು ಬಯಾಸ್ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ಪರದೆಯ ಫೋಟೊ ತೆಗೆದೆ: ಡಿಸ್ಕಿನ ಜಾಗ ಲೆಕ್ಕ ಹಾಕುವ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳು, ಜೊತೆಗೆ ಆ ಲೆಕ್ಕದ ಮೋಡ್ ನಾರ್ಮಲ್ಲೋ, ಲಾರ್ಜೋ, ಎಲ್‌ಬಿಎಯೋ ಎಂಬುದು. ಇಮೇಜಿಗೆ ಲಿನಕ್ಸಿನ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕನ್ನೂ ಓದಿ ಪ್ರತಿ ತೆಗೆಯುವ ಪ್ರೋಗ್ರಾಮ್) ಬಳಸಿದೆ, ಸಿಕ್ಕಿಸಿದ ಡಿಸ್ಕನ್ನು ಲಿನಕ್ಸ್ ತಾನಾಗಿ ತೆರೆಯುವ ಆಟೋಮೌಂಟ್ ಆಫ್ ಮಾಡಿ. ಮೊದಲ ಸುತ್ತು ‘-n’ ಕೊಟ್ಟು, ಕೆಟ್ಟ ಜಾಗ ಕೆದಕದೆ ಓದಿಸಬೇಕು. ಆಮೇಲೆ ‘-d -r3’ ಕೊಟ್ಟು ಕೆಟ್ಟ ಜಾಗಗಳನ್ನು ಮೂರು ಸಲ ಮತ್ತೆ ಓದಿಸಬೇಕು. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡದಿದ್ದರೆ ನಿಂತ ಕಡೆಯಿಂದ ಮುಂದುವರಿಸಲಾಗದು.

ರಿಸ್ಟೋರ್ ಮಾಡಿದ್ದು ಐಡಿಇ ಅಡಾಪ್ಟರಿನಲ್ಲಿ ಕೂರಿಸಿದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡಿಗೆ. ದೊಡ್ಡ ಕಾರ್ಡ್ ಒಳ್ಳೆಯದು ಅನ್ನಿಸುತ್ತದೆ, ಆದರೆ ತೊಂದರೆ ಅಲ್ಲೇ ಇದೆ. ಎಲ್‌ಬಿಎ ಮೋಡಿನಲ್ಲಿ ಬಯಾಸ್ ಸಾಮಾನ್ಯವಾಗಿ ಡಿಸ್ಕಿನ ಗಾತ್ರ ನೋಡಿ ಹೆಡ್ ಸಂಖ್ಯೆ ಹಾಕುತ್ತದೆ. 1.2 ಜಿಬಿಗೂ 2 ಜಿಬಿಗೂ 64 ಹೆಡ್, 4 ಜಿಬಿಗೆ 128. ಹೆಡ್ ಸಂಖ್ಯೆ ಬದಲಾದರೆ ಜಾಗದ ಲೆಕ್ಕ ತಪ್ಪಿ ಬೂಟ್ ಆಗುವುದಿಲ್ಲ. ಆ ಸ್ಥಿತಿಯಲ್ಲಿ ಏನಾದರೂ ಬರೆದರೆ ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಫ್ಯಾಟ್ ಟೇಬಲ್ ಕೆಡಬಹುದು. ಅದಕ್ಕೇ 2 ಜಿಬಿ ಕಾರ್ಡನ್ನೇ ಹುಡುಕಿಸಿದೆ, ಅದೂ ಫಿಕ್ಸೆಡ್ ಡಿಸ್ಕ್ ಎಂದು ತೋರಿಸಿಕೊಳ್ಳುವಂಥದ್ದು.

ಲಾಕ್ ಡಿಸ್ಕಿನದೇ ಹಾರ್ಡ್‌ವೇರ್ ಸೀರಿಯಲ್ ಓದುವಂಥದ್ದಾದರೆ ಇಮೇಜಿನಿಂದ ಪ್ರಯೋಜನವಿಲ್ಲ. ಡಾಂಗಲ್ ಕೂಡ ಇಮೇಜಿನಲ್ಲಿ ಬರುವುದಿಲ್ಲ. ಅದು ಗಟ್ಟಿಯಾಗಿ ಉಳಿಯಬೇಕು. ಯುಎಸ್‌ಬಿ-ಪ್ರಿಂಟರ್ ಕೇಬಲ್ ಹಾಕಿ ನೋಡಬೇಡಿ: ಡಾಸ್ ಪ್ರೋಗ್ರಾಮ್ ನೇರವಾಗಿ ಪ್ರಿಂಟರ್ ಪೋರ್ಟಿನ ವಿಳಾಸವಾದ 378 ಹೆಕ್ಸನ್ನೇ ತಟ್ಟುತ್ತದೆ, ಆ ಕೇಬಲ್ಲಿಗೆ ಆ ವಿಳಾಸವೇ ಇಲ್ಲ. ಮದರ್‌ಬೋರ್ಡಿನ ಪೋರ್ಟಿನಲ್ಲೂ ಡಾಂಗಲ್ ಸಿಗದಿದ್ದರೆ ಬಯಾಸಿನಲ್ಲಿ ಪೋರ್ಟಿನ ಮೋಡನ್ನು ಇಸಿಪಿ ಬಿಟ್ಟು ಹಳೆಯ ಸಾದಾ ಮೋಡಾದ ಎಸ್‌ಪಿಪಿ ಮಾಡಿ ನೋಡಿ.

ಕಾನೂನಿನ ಮಾತು: ಕಾನೂನುಬದ್ಧವಾಗಿ ಕೊಂಡ ಪ್ರೋಗ್ರಾಮಿಗೆ ರಕ್ಷಣೆಯ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಅವಕಾಶ ಕೊಡುತ್ತದೆ. ಲಾಕ್ ಮುರಿಯುವ ಗೋಜಿಗೆ ನಾನು ಹೋಗಲಿಲ್ಲ.

ಕೊನೆಗೆ ದಿನಾಂಕ ಸರಿಯಿದೆಯೇ ನೋಡಿ, ಕಾರ್ಡಿನಿಂದಲೇ ಬೂಟ್ ಮಾಡಿಸಿ ಒಂದು ಪರೀಕ್ಷಾ ವೋಚರ್ ಹಾಕಿದೆ, ಪ್ರಿಂಟ್ ತೆಗೆದೆ, ರೀಸ್ಟಾರ್ಟ್ ಮಾಡಿ ಶಿಲ್ಕು ತಾಳೆ ನೋಡಿದೆ. ಆಮೇಲೆ ಆ ಕಾರ್ಡಿಗೆ ಇಮೇಜನ್ನು ಮತ್ತೊಮ್ಮೆ ಬರೆದೆ, ಪರೀಕ್ಷಾ ವೋಚರ್ ನಿಜ ಲೆಕ್ಕದಲ್ಲಿ ಉಳಿಯಬಾರದಲ್ಲ.