ಮಣ್ಣಿನ ವಿಷ ಅಳೆಯಲು ಸ್ಪ್ರಿಂಗ್‌ಟೇಲ್ ಜೀನ್: ನನ್ನ ಅನುಭವ

ಫಾಲ್ಸೋಮಿಯಾ ಕ್ಯಾಂಡಿಡಾ ಅನ್ನುವ ಸ್ಪ್ರಿಂಗ್‌ಟೇಲ್, ಅಂದರೆ ಮಣ್ಣಲ್ಲಿ ಬದುಕುವ ಪುಟ್ಟ ಹುಳು, ನನ್ನ ದಿನನಿತ್ಯದ ಒಡನಾಡಿ. ಎರಡು ಮಿಲಿಮೀಟರ್ ಆಸುಪಾಸು ಉದ್ದ, ಬಿಳಿ ಮೈ, ಕಣ್ಣಿಲ್ಲ. ಎಲ್ಲವೂ ಹೆಣ್ಣೇ, ಗಂಡಿಲ್ಲದೆ ಮೊಟ್ಟೆ ಇಡುತ್ತವೆ. ಹಾಗಾಗಿ ಒಂದು ಡಬ್ಬಿಯಲ್ಲಿರುವ ಹುಳುಗಳ ಜೀನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ. ನಮಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ?

ಸಾಕೋದು ಸುಲಭ. ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಇದ್ದಿಲ ಪುಡಿ ಕಲಸಿ ಡಬ್ಬಿಯ ತಳಕ್ಕೆ ಹುಯ್ಯುತ್ತೇನೆ. ತೇವ ಆರದಂತೆ ನೋಡಿಕೊಂಡು, 20 ಡಿಗ್ರಿಯಲ್ಲಿಟ್ಟು, ಚಿಟಿಕೆ ಒಣ ಈಸ್ಟ್ ಹಾಕಿದರೆ ಸಾಕು.

ಮಣ್ಣಿನ ವಿಷ ಪರೀಕ್ಷೆಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11267 ಪ್ರಕಾರ ಇವನ್ನು ಮಣ್ಣಿಗೆ ಬಿಟ್ಟು 28 ದಿನ ಕಾಯಬೇಕು. ಆಮೇಲೆ ನೀರು ಹುಯ್ದರೆ ಮರಿಗಳು ತೇಲುತ್ತವೆ, ಎಣಿಸಬೇಕು. ಮರಿ ಕಡಿಮೆಯಾಗಿದ್ದು ಗೊತ್ತಾಗುತ್ತದೆ, ಯಾಕೆ ಅನ್ನೋದು ಗೊತ್ತಾಗುವುದಿಲ್ಲ. ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅಂತ ಅಳೆಯುವ ಜೀನ್ ಪರೀಕ್ಷೆಗೆ ಎರಡು ದಿನ ಸಾಕು. ಒಂದೇ ವಯಸ್ಸಿನ ಹುಳುಗಳನ್ನು ಮಣ್ಣಿಗೆ ಬಿಟ್ಟು, ತೇಲಿಸಿ ತೆಗೆದು, ತಕ್ಷಣ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುತ್ತೇನೆ. ಅಳೆಯುವುದು ಆರ್‌ಎನ್‌ಎಯನ್ನು, ಅಂದರೆ ಜೀನ್ ಕೆಲಸ ಮಾಡುವಾಗ ಹುಟ್ಟುವ ಅದರ ನಕಲನ್ನು; ಒಂದೆರಡರಿಂದ ಬರುವಷ್ಟು ಸಾಲದು, ಮೂವತ್ತರಷ್ಟನ್ನು ಒಟ್ಟಿಗೆ ಅರೆಯುತ್ತೇನೆ. ಮೈಗಂಟಿದ ಮಣ್ಣು ಮಾತ್ರ ಪೂರ್ತಿ ಹೋಗಬೇಕು. ಮಣ್ಣಿನ ಹ್ಯೂಮಿಕ್ ಆಮ್ಲ ಸ್ವಲ್ಪ ಉಳಿದರೂ ಆ ನಕಲುಗಳನ್ನು ಹೆಚ್ಚಿಸಿ ಅಳೆಯುವ ಪಿಸಿಆರ್ ವಿಧಾನ ಕೈಕೊಡುತ್ತದೆ.

ಕ್ಯಾಡ್ಮಿಯಂ ಇದ್ದರೆ ಲೋಹ ಹಿಡಿದಿಡುವ ಮೆಟಲೋಥಯೋನೀನ್ ಥರದ ಜೀನ್ ಜೋರಾಗುತ್ತದೆ. ಡಾಂಬರಿನಲ್ಲಿರುವ ಫಿನಾಂತ್ರೀನ್ ಇದ್ದರೆ ವಿಷ ಒಡೆಯುವ ಸೈಟೋಕ್ರೋಮ್ ಪಿ450 ಗುಂಪಿನ ಜೀನ್‌ಗಳು ಏಳುತ್ತವೆ. 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡ ಈ ಹುಳುವಿನ ಪೂರ್ತಿ ಜೀನೋಮ್ ಪ್ರಕಟಿಸಿದ ಮೇಲೆ, ಯಾವ ಜೀನ್ ಎಲ್ಲಿದೆ ಅಂತ ಹುಡುಕೋದು ಎಷ್ಟೋ ಹಗುರಾಯಿತು. ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಬಂದ ಜೀನ್‌ಗಳೂ ಅದರಲ್ಲಿವೆ, ಪೆನಿಸಿಲಿನ್ ಜಾತಿಯ ಆ್ಯಂಟಿಬಯಾಟಿಕ್ ತಯಾರಿಸುವಂಥವು ಸಹ. ಹುಳುವಿಗ್ಯಾಕೆ ಅದು ಅಂತ ನನಗೆ ಈಗಲೂ ಬೆರಗು.

ನಿಜವಾದ ತಲೆನೋವು ಕಂಟ್ರೋಲ್ ಮಣ್ಣು, ಅಂದರೆ ಹೋಲಿಕೆಗೆ ಬೇಕಾದ ಶುದ್ಧ ಮಣ್ಣು. ಶುದ್ಧವಾದ ಎರಡು ಮಣ್ಣಿನಲ್ಲೇ ಜೀನ್‌ಗಳು ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಪಿಎಚ್, ಸಾವಯವ ಅಂಶ, ತೇವ ಎಲ್ಲದಕ್ಕೂ ಸ್ಪಂದಿಸುತ್ತವೆ. ಹಾಗಾಗಿ ನಾನು ಹೋಲಿಕೆಗೆಂದೇ ಸಿಗುವ ಜರ್ಮನಿಯ ಲೂಫಾ 2.2 ಮಣ್ಣೊಂದನ್ನೇ ನಂಬುವುದಿಲ್ಲ. ಪರೀಕ್ಷೆಯ ಮಣ್ಣು ತಂದ ಜಾಗದ ಹತ್ತಿರದ್ದೇ ಶುದ್ಧ ಮಣ್ಣುಗಳನ್ನೂ ಪರೀಕ್ಷಿಸಿ, ಮಾಮೂಲಿ ಏರಿಳಿತ ಎಷ್ಟು ಅಂತ ಮೊದಲು ನೋಡುತ್ತೇನೆ. ಅದಿಲ್ಲದೆ ಜೀನ್ ಎರಡರಷ್ಟಾಗಿದೆ ಅಂದರೆ ಸುಮ್ನೆ ಮಾತು. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಜಾಸ್ತಿ ಕರಗುತ್ತದೆ. ಲ್ಯಾಬ್ ವರದಿಯಲ್ಲಿ ಒಟ್ಟು ಪ್ರಮಾಣ ಒಂದೇ ಇದ್ದರೂ ಹುಳುವಿಗೆ ತಗಲುವುದು ಒಂದೇ ಅಲ್ವಲ್ಲ.

ಎರೆಹುಳುವಿನಲ್ಲೂ ಇದನ್ನೇ ಮಾಡಬಹುದು. ಒಂದೇ ಹುಳು ಬೇಕಾದಷ್ಟು ಆರ್‌ಎನ್‌ಎ ಕೊಡುತ್ತದೆ. ಆದರೆ ಹೊಟ್ಟೆ ತುಂಬಾ ಮಣ್ಣು, ಒದ್ದೆ ಫಿಲ್ಟರ್ ಪೇಪರ್ ಮೇಲೆ ರಾತ್ರಿಯಿಡೀ ಬಿಟ್ಟು ಖಾಲಿ ಮಾಡಿಸಬೇಕು. ಅಷ್ಟರಲ್ಲಿ ಕೆಲವು ಜೀನ್ ತಣ್ಣಗಾಗಿಬಿಟ್ಟರೆ? ಅದಕ್ಕೇ ನಾನು ಸ್ಪ್ರಿಂಗ್‌ಟೇಲ್ ಬಿಟ್ಟಿಲ್ಲ.