ನೋವಿನ ಇಂಜೆಕ್ಷನ್ ರಿಯಾಕ್ಷನ್‌ಗಳನ್ನ ಲ್ಯಾಬ್ ಲಿಸ್ಟ್‌ನಿಂದ ಹಿಡಿದಿದ್ದು: ನನ್ನ ಅನುಭವ

ಆಸ್ಪತ್ರೆಯಲ್ಲಿ ಔಷಧಿಗಳಿಂದ ಆಗೋ ರಿಯಾಕ್ಷನ್ ಹುಡುಕೋದು ನನ್ನ ಕೆಲಸ. ನೋವಿನ ಇಂಜೆಕ್ಷನ್‌ಗಳಿಂದ ಶುರು ಮಾಡ್ತೀನಿ ಅಂದಾಗ "ಡೈಕ್ಲೋಫೆನಾಕ್‌ಗೆಲ್ಲ ಏನ್ ರಿಯಾಕ್ಷನ್ ಆಗುತ್ತಮ್ಮ, ದಿನಾ ಕೊಡ್ತೀವಿ" ಅಂತ ಸೀನಿಯರ್ ಸರ್ಜನ್ ಹೇಳಿದ್ರು. ಈಗ ರೌಂಡ್ಸ್‌ಗೆ ಮುಂಚೆ ಅವರೇ "ಲಿಸ್ಟ್ ಬಂತಾ" ಅಂತ ಕೇಳ್ತಾರೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ನಾನೂ ಎಲ್ಲರ ಥರ ನರ್ಸಿಂಗ್ ಸ್ಟೇಷನ್‌ನಲ್ಲಿ ಎಡಿಆರ್ (ಔಷಧಿಯ ಕೆಟ್ಟ ರಿಯಾಕ್ಷನ್) ಫಾರ್ಮ್ ಇಟ್ಟು ಪಕ್ಕದಲ್ಲೊಂದು ಡಬ್ಬ ಇಟ್ಟೆ, ಪ್ರಿಂಟ್ ಖರ್ಚು ನನ್ನ ಜೇಬಿಂದಾನೇ. ಎರಡು ತಿಂಗಳಿಗೆ 5 ಫಾರ್ಮ್ ಬಂದಿರಬೇಕು, ಅದ್ರಲ್ಲಿ 4 ಮೈಮೇಲೆ ದದ್ದು. ಕಣ್ಣಿಗೆ ಕಂಡಿದ್ದನ್ನ ಬರೀತಾರೆ, ಈ ಇಂಜೆಕ್ಷನ್‌ನಿಂದ ಕಿಡ್ನಿಗೆ ಬಿದ್ದ ಪೆಟ್ಟು ಯಾರ ಕಣ್ಣಿಗೂ ಕಾಣಲ್ಲ. ಆಮೇಲೆ ಒಂದೊಂದೇ ಕೇಸ್‌ಶೀಟ್ ತಿರುವಿ ಹಾಕೋಕೆ ಕೂತೆ, ಗಂಟೆಗೆ ನಾಲ್ಕೈದು ಆದ್ರೆ ಹೆಚ್ಚು, ನಾನು ಹಿಡಿಯೋ ಹೊತ್ತಿಗೆ ಪೇಷಂಟ್ ಡಿಸ್ಚಾರ್ಜ್.

ಮೂರನೇ ಸಲ ಉಲ್ಟಾ ಬಂದೆ. ಔಷಧಿ ಬಿಟ್ಟು ಲ್ಯಾಬ್‌ನಿಂದ ಶುರು. 48 ಗಂಟೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರೋದು) 0.3 ಏರಿದವರು, ಪೊಟ್ಯಾಷಿಯಂ 5.5 ದಾಟಿದವರು, ಹಿಮೋಗ್ಲೋಬಿನ್ 2 ಗ್ರಾಂ ಇಳಿದವರು (ಒಳಗೆ ಬ್ಲೀಡ್ ಆಗ್ತಿರಬಹುದು), ಇಷ್ಟೇ ನನ್ನ ಲಿಸ್ಟ್. ಆಪರೇಷನ್ ಆದವರಿಗೆ ಹಿಮೋಗ್ಲೋಬಿನ್ ಹೇಗೂ ಇಳಿಯುತ್ತೆ, ಅವರಲ್ಲಿ ಎರಡು ದಿನ ಕಳೆದ ಮೇಲೂ ಇಳೀತಿದ್ರೆ ಮಾತ್ರ ತಗೋತೀನಿ. ಲಿಸ್ಟನ್ನ 30ರಿಂದ 8ಕ್ಕೆ ಇಳಿಸೋ ಇನ್ನೊಂದು ಫಿಲ್ಟರ್ ಇದೆ, ನನ್ನ ಪೇಪರ್ ಬರೋವರೆಗೂ ಅದನ್ನ ಹೇಳಲ್ಲ.

ಡ್ರಗ್ ಚಾರ್ಟ್ ಒಂದನ್ನೇ ನಂಬಿದ್ರೆ ಅರ್ಧ ಕೇಸ್ ಕೈತಪ್ಪುತ್ತೆ. ಓಟಿಯಲ್ಲಿ ಕೊಟ್ಟ ಕೆಟೊರೊಲ್ಯಾಕ್ (ಅದೂ ನೋವಿನ ಇಂಜೆಕ್ಷನ್ನೇ) ಅನಸ್ತೇಷಿಯಾ ಶೀಟ್‌ನಲ್ಲಿರುತ್ತೆ, ಕ್ಯಾಶುವಾಲ್ಟಿಯಲ್ಲಿ ಹಾಕಿದ್ದು ಬೇರೆ ಚೀಟಿಯಲ್ಲಿ, ಮನೆಯಿಂದ ತಂದ ಮಂಡಿನೋವಿನ ಮಾತ್ರೆ ದಿಂಬಿನ ಕೆಳಗೆ.

ಒಬ್ಬರು ಅಜ್ಜಿ, 70ರ ಮೇಲೆ, ಸೊಂಟದ ಮೂಳೆ ಆಪರೇಷನ್. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್, ಅದರ ಮೇಲೆ ಓಟಿಯಲ್ಲಿ ಕೆಟೊರೊಲ್ಯಾಕ್, ವಾರ್ಡಿಗೆ ಬಂದ ತಕ್ಷಣ ಡೈಕ್ಲೋಫೆನಾಕ್. ಈ ಬಿಪಿ ಮಾತ್ರೆಗಳ ಜೊತೆ ನೋವಿನ ಇಂಜೆಕ್ಷನ್ ಸೇರಿದ್ರೆ ಕಿಡ್ನಿಗೆ ಪೆಟ್ಟು ಜಾಸ್ತಿ. ಮೂರನೇ ದಿನ ಕ್ರಿಯಾಟಿನಿನ್ 0.9 ಇದ್ದಿದ್ದು 2.4, ಯೂರಿನ್ ಬ್ಯಾಗ್‌ನಲ್ಲಿ ತಳದಲ್ಲಿ ಸ್ವಲ್ಪ. ಡಾಕ್ಟರ್‌ಗಳು ಡೀಹೈಡ್ರೇಷನ್ ಅಂದ್ರು. ನಾನು ಮೂರೂ ಶೀಟ್ ಪಕ್ಕಪಕ್ಕ ಇಟ್ಟು ತೋರಿಸಿದೆ. ನೋವಿನ ಇಂಜೆಕ್ಷನ್ ನಿಲ್ಲಿಸಿ, ಬಿಪಿ ಮಾತ್ರೆ ತಡೆಹಿಡಿದು, ಫ್ಲೂಯಿಡ್ ಕೊಟ್ರು, ಒಂದು ವಾರದೊಳಗೆ 1.1ಕ್ಕೆ ಬಂತು.

ಆದ್ರೂ ನರಾಂಜೊ ಸ್ಕೋರ್ (ರಿಯಾಕ್ಷನ್ ಔಷಧಿಯಿಂದಲೇ ಆಗಿದ್ದಾ ಅಂತ ಪ್ರಶ್ನೆ ಕೇಳಿ ಅಂಕ ಹಾಕೋದು) ಹಾಕುವಾಗ ಜಗಳ. "ಬೇರೆ ಕಾರಣ ಇರಬಹುದಾ" ಅನ್ನೋ ಪ್ರಶ್ನೆಗೆ ಹೌದು ಅಂದ್ರೆ ಮೈನಸ್ 1, ಇಲ್ಲ ಅಂದ್ರೆ ಪ್ಲಸ್ 2. ಅದೊಂದರಿಂದಲೇ ಅಜ್ಜಿ ಕೇಸ್ 4 ಅಥವಾ 7, ಅಂದ್ರೆ ಪಾಸಿಬಲ್ (ಇರಬಹುದು) ಅಥವಾ ಪ್ರಾಬಬಲ್ (ಬಹುತೇಕ ಅದೇ). ನಾನು 4 ಅಂತಾನೇ ಬರೆದೆ, ಆಪರೇಷನ್‌ನಲ್ಲಿ ರಕ್ತ ಹೋಗಿದ್ದು ನಿಜ ತಾನೇ. ಹಾಗೆ ಬರೆದಿದ್ದಕ್ಕೇ ಡಾಕ್ಟರ್‌ಗಳು ನನ್ನನ್ನ ನಂಬೋಕೆ ಶುರು ಮಾಡಿದ್ದು.

ಈ ಇಂಜೆಕ್ಷನ್‌ಗಳಿಂದ ಹೊಟ್ಟೇಲಿ ಅಲ್ಸರ್ ಆಗಿ ಬ್ಲೀಡ್ ಆದ್ರೆ ಮಲ ಕಪ್ಪಾಗುತ್ತೆ. ಅದಕ್ಕೆ ಮಧ್ಯೆ ಒಂದು ಪ್ರಯೋಗ ಮಾಡಿದೆ, ದಿನಾ ಪೇಷಂಟ್‌ಗಳನ್ನ "ಮಲ ಕಪ್ಪಗೆ ಹೋಗ್ತಿದೆಯಾ" ಅಂತ ಕೇಳೋದು. ಹೌದು ಅಂದವರಲ್ಲಿ ಅರ್ಧಕ್ಕರ್ಧ ಜನ ಐರನ್ ಮಾತ್ರೆ ತಗೋತಿದ್ರು, ಅದರಿಂದಲೂ ಮಲ ಕಪ್ಪಾಗುತ್ತೆ. ಆಮೇಲೆ "ಡಾಂಬರ್ ಥರ ಅಂಟುತ್ತಾ, ನಾತ ಜಾಸ್ತಿನಾ" ಅಂತ ಸೇರಿಸಿದೆ, ಸುಳ್ಳು ಕೇಸ್ ಕಮ್ಮಿಯಾಯ್ತು. ಹೊಟ್ಟೆನೋವು ಕೇಳಿ ಪ್ರಯೋಜನ ಇಲ್ಲ, ಅಲ್ಸರ್ ನೋವನ್ನೂ ಆ ಇಂಜೆಕ್ಷನ್ನೇ ಮುಚ್ಚಿಹಾಕುತ್ತೆ, ವಯಸ್ಸಾದವರಲ್ಲಂತೂ ಬ್ಲೀಡ್ ಆದ ಮೇಲೇ ಗೊತ್ತಾಗೋದು.

ದುಡ್ಡಿನ ವಿಷಯ. ಎಷ್ಟು ಎಡಿಆರ್ ಹಿಡಿದೆ ಅಂತ ತೋರಿಸಿದಾಗ ಮ್ಯಾನೇಜ್‌ಮೆಂಟ್ ತಲೆ ಎತ್ತಿ ನೋಡ್ಲಿಲ್ಲ. ಆರು ತಿಂಗಳ 20 ಚಿಲ್ಲರೆ ಕೇಸಲ್ಲಿ ಹೆಚ್ಚುವರಿ ಬೆಡ್ ದಿನ ಸುಮಾರು 70, ಜೊತೆಗೆ ದಿನಾ ರಿಪೀಟ್ ಟೆಸ್ಟ್, ಎಂಡೋಸ್ಕೋಪಿ, ಎರಡು ಡಯಾಲಿಸಿಸ್, ಎಲ್ಲ ಒಂದೇ ಹಾಳೇಲಿ ಕೂಡಿಸಿ ಕೊಟ್ಟೆ. ಮುಂದಿನ ವಾರ ಕಂಪ್ಯೂಟರ್ ಬಂತು, ಅರ್ಧ ದಿನಕ್ಕೆ ಒಬ್ಬ ಇಂಟರ್ನ್ ಕೂಡ.

ಈಗ ಮೆಡಿಸಿನ್ ವಾರ್ಡಿಗೆ ಹೋಗಿದೀನಿ. ಹಾರ್ಟ್‌ಗೆ ಅಂತ ಆಸ್ಪಿರಿನ್ ತಗೋಳೋರಿಗೆ ಅದಕ್ಕಿಂತ ಮುಂಚೆ ಅಥವಾ ಅದರ ಜೊತೆಗೇ ಐಬುಪ್ರೊಫೆನ್ (ನೋವಿನ ಮಾತ್ರೆ) ಕೊಟ್ರೆ ಆಸ್ಪಿರಿನ್ ಕೆಲಸಕ್ಕೆ ಅಡ್ಡ ಆಗುತ್ತಲ್ಲ, ಅಲ್ಲಿ ಎರಡನ್ನೂ ಬೆಳಗ್ಗೆ 8ಕ್ಕೆ ಒಂದೇ ಕಪ್‌ನಲ್ಲಿ ಹಾಕಿ ಕೊಡ್ತಿದಾರೆ. ಎಷ್ಟು ಬೆಡ್‌ಗೆ ಹೀಗಾಗ್ತಿದೆ ಅಂತ ಎಣಿಸ್ತಾ ಇದೀನಿ, ಇವತ್ತಿಗೆ 9.