ಮೇನ್‌ಫ್ರೇಮಿನಿಂದ ಕ್ಲೌಡಿಗೆ: ನಿರುದ್ಯೋಗ ಭತ್ಯೆ ಸಾಗಿಸಿದ ನನ್ನ ಅನುಭವ

ಅಮೆರಿಕದ ನಿರುದ್ಯೋಗ ಭತ್ಯೆಗೆ ಬುನಾದಿ 1935ರ ಕೇಂದ್ರ ಕಾಯ್ದೆ. ಆದರೆ ಯಾರಿಗೆ, ಎಷ್ಟು, ಎಷ್ಟು ವಾರ ಅನ್ನೋದನ್ನು ಬಹುಮಟ್ಟಿಗೆ ಆಯಾ ರಾಜ್ಯದ ಕಾನೂನೇ ಹೇಳುತ್ತದೆ. ಹಾಗಾಗಿ ಒಂದೊಂದು ರಾಜ್ಯಕ್ಕೂ ತನ್ನದೇ ಸಾಫ್ಟ್‌ವೇರ್ ಇತ್ತು. ಎಷ್ಟೋ ಕಡೆ ಅದು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಓಡುವ, ದಶಕಗಳ ಹಿಂದೆ ಕೋಬಾಲ್ ಭಾಷೆಯಲ್ಲಿ ಬರೆದದ್ದು. ಒಂದೇ ರಾಜ್ಯ ಹೊಸದು ಕಟ್ಟಿಸಲು ಖರ್ಚು ಜಾಸ್ತಿ. ಅದಕ್ಕೇ ಮಿಸಿಸಿಪ್ಪಿ, ಮೇನ್ ರಾಜ್ಯಗಳು ಸೇರಿ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳಲ್ಲಿ, ಒಂದೇ ವ್ಯವಸ್ಥೆ ಹಂಚಿಕೊಂಡವು. ಅಂಥದ್ದೇ ಇನ್ನೊಂದು ಯೋಜನೆಯಲ್ಲಿ ನಾನು ಡೇಟಾ ಸಾಗಿಸುವ ತಂಡದಲ್ಲಿದ್ದೆ.

ಸರ್ವರ್, ನೆಟ್‌ವರ್ಕ್ ಎಲ್ಲ ಬೇಗ ಮುಗಿಯಿತು. ಪ್ರತಿ ರಾಜ್ಯದ ಡೇಟಾಬೇಸ್ ಬೇರೆ, ಬೀಗದ ಕೀ ಬೇರೆ; ಕೋಡ್ ಮಾತ್ರ ಒಂದೇ. ತಲೆ ತಿಂದಿದ್ದು ನಿಯಮಗಳು. ಉದಾಹರಣೆಗೆ, ಮಿಸಿಸಿಪ್ಪಿಯಲ್ಲಿ ವಾರಕ್ಕೆ 40 ಡಾಲರ್‌ವರೆಗೆ ದುಡಿದರೆ ಭತ್ಯೆ ಕಡಿತವಾಗುವುದಿಲ್ಲ. ಮೇನ್‌ನಲ್ಲಿ ಮಕ್ಕಳಿದ್ದವರಿಗೆ ಸ್ವಲ್ಪ ಜಾಸ್ತಿ ಸಿಗುತ್ತದೆ, ಮಿಸಿಸಿಪ್ಪಿಯಲ್ಲಿ ಅದಿಲ್ಲ. ಇಂಥದ್ದನ್ನೆಲ್ಲ ಕೋಡಿನೊಳಗೆ ಬರೆದರೆ ಮೂರನೇ ರಾಜ್ಯ ಬಂದ ದಿನ ಎಲ್ಲಾ ಬಿಚ್ಚಬೇಕು, ಅಲ್ವಾ? ನಾವು ಪ್ರತಿ ಅಂಕಿಯನ್ನೂ ಟೇಬಲ್ಲಿಗೆ ಹಾಕಿದೆವು, ಜೊತೆಗೆ ಅದು ಜಾರಿಗೆ ಬಂದ ತಾರೀಖು. ಆ ತಾರೀಖು ಬಹಳ ಮುಖ್ಯ. ಹಳೆಯ ಮೇಲ್ಮನವಿಯೊಂದು ಈಗ ಕಾರ್ಮಿಕರ ಪರ ತೀರ್ಮಾನವಾದರೆ ಆಗಿನ ಕಾನೂನಿನಂತೆಯೇ ಲೆಕ್ಕ ಹಾಕಿ ಕೊಡಬೇಕು.

ಇನ್ನು ಡೇಟಾ. ಮೇನ್‌ಫ್ರೇಮಿನ ಹಣದ ಕಾಲಮ್ಮುಗಳು ಪ್ಯಾಕ್ಡ್ ಡೆಸಿಮಲ್‌ನಲ್ಲಿದ್ದವು. ಒಂದು ಬೈಟಿನಲ್ಲಿ ಎರಡು ಅಂಕಿ, ಕೊನೆಯ ಅರ್ಧ ಬೈಟಿನಲ್ಲಿ ಚಿಹ್ನೆ: ಸಿ ಅಂದರೆ ಪ್ಲಸ್, ಡಿ ಅಂದರೆ ಮೈನಸ್. ಇಡೀ ಫೈಲನ್ನು ಸುಮ್ನೆ ಅಕ್ಷರ ಅಂತ ಪರಿವರ್ತಿಸಿದರೆ ಈ ಕಾಲಮ್ಮುಗಳು ಕೆಟ್ಟುಹೋಗುತ್ತವೆ. ಚಿಹ್ನೆ ತಪ್ಪಿದರೆ ಸರ್ಕಾರದಿಂದ ಹಣ ಬರಬೇಕಾದವರು ಸಾಲಗಾರರಾಗುತ್ತಾರೆ. ಅದಕ್ಕೆ ಕಾಲಮ್ಮಿನಿಂದ ಕಾಲಮ್ಮಿಗೆ ಬೇರೆ ಬೇರೆ ಪರಿವರ್ತನೆ ಬರೆದು, ಪ್ರತಿ ಸಲವೂ ಎರಡೂ ಕಡೆಯ ಒಟ್ಟು ಮೊತ್ತ ತಾಳೆ ನೋಡುತ್ತಿದ್ದೆವು.

ಆಮೇಲೆ ಒಂದೇ ವಾರದ ಕ್ಲೇಮುಗಳನ್ನು (ಭತ್ಯೆ ಕೋರಿದ ಅರ್ಜಿಗಳನ್ನು) ಹಳೆಯದರಲ್ಲೂ ಹೊಸದರಲ್ಲೂ ಓಡಿಸಿದೆವು. ಕೆಲವು ಕಡೆ ಒಂದು ಡಾಲರಿಗೂ ಕಡಿಮೆ ವ್ಯತ್ಯಾಸ. ಕ್ಲೇಮ್ ವಿಭಾಗದ ಹಿರಿಯರೊಬ್ಬರು ನೋಡಿದ ಕೂಡಲೇ ಹೇಳಿದರು: ಇಲ್ಲಿ ಸೆಂಟ್ಸ್ ಬಿಟ್ಟು ಕೆಳಗಿನ ಪೂರ್ತಿ ಡಾಲರಿಗೆ ಇಳಿಸುತ್ತೇವೆ. ಹೊಸ ಕೋಡ್ ಅದನ್ನು ಕೊನೆಯಲ್ಲಿ ಇಳಿಸುತ್ತಿತ್ತು, ಹಳೆಯದು ಕಡಿತಕ್ಕೆ ಮೊದಲೇ. ಇಂಥವರನ್ನು ಮೊದಲ ದಿನದಿಂದಲೇ ತಂಡದಲ್ಲಿ ಕೂರಿಸಿಕೊಳ್ಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೋವಿಡ್ ಬಂದಾಗ, 2020ರ ಮಾರ್ಚ್ ಕೊನೆಯಲ್ಲಿ ಒಂದೇ ವಾರಕ್ಕೆ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಹೊಸ ಅರ್ಜಿಗಳು ಬಂದವು. ಅದಕ್ಕೂ ಮೊದಲಿನ ದಾಖಲೆ 1982ರ 6.95 ಲಕ್ಷ. ನೂಕುನುಗ್ಗಲಿಗೆ ಕ್ಲೌಡಿನಲ್ಲಿ ಸರ್ವರ್ ಹೆಚ್ಚಿಸಬಹುದು. ಆದರೆ ಕೆಲಸ ಬಿಟ್ಟಿದ್ದು ಯಾಕೆ ಅನ್ನುವ ತಕರಾರನ್ನು ಅಧಿಕಾರಿಯೇ ಕೂತು ತೀರ್ಮಾನಿಸಬೇಕು. ಹೊಸದಾಗಿ ಸೇರಿದ ಅಧಿಕಾರಿಗಳಿಗಾಗಿ ನಾವು ಒಂದು ಸ್ಕ್ರೀನ್ ಮಾಡಿಕೊಟ್ಟೆವು. ಪ್ರತಿ ಮೊತ್ತದ ಪಕ್ಕದಲ್ಲೇ ಅದಕ್ಕೆ ಹತ್ತಿದ ನಿಯಮ, ಅದರ ತಾರೀಖು ಕಾಣಿಸುವಂತೆ.